ಅರವತ್ತೊಂದು ಸಿ.ಡಿ., ಒಂದು ಮೊಳೆ

೧೮ ಜೂನ್ ೨೦೦೭, ಸೋಮವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಕುರ್ಚಿ ಸಿಗದೆ ಹಿಂದೆ ನಿಂತಿರುವ ನಾಗರಿಕ ಬಂಧುಗಳೇ, ಅರಸೀಕೆರೆಯ ಬೆಳಕು ಡಿಜಿಟಲ್ ಸ್ಟುಡಿಯೊದ ಚಿತ್ರ ಜೋಡಣಾ ಮಹಾಕಾರ್ಯದ ಉದ್ಘಾಟನೆಗೆ ತಮಗೆಲ್ಲ ಹೃತ್ಪೂರ್ವಕ ಸ್ವಾಗತ. ಸ್ವಾಗತಿಸುತ್ತಿರುವವಳು ಮೀನಾಕ್ಷಿ, ವಯಸ್ಸು ನಲವತ್ತೈದು, ಬಿ.ಎ., ಕನ್ನಡ ಮಾಧ್ಯಮ, ಎರಡನೆಯ ದರ್ಜೆ. ಉದ್ಘಾಟಿಸುವವಳೂ ನಾನೇ, ವಂದನಾರ್ಪಣೆಯೂ ನನ್ನದೇ. ದೀಪ ಬೆಳಗಿಸೋಣವೆಂದುಕೊಳ್ಳುವಷ್ಟರಲ್ಲಿ ಕರೆಂಟ್ ಬಂದದ್ದರಿಂದ ಆ ಭಾಗವನ್ನು ಕೈಬಿಡಲಾಗಿದೆ.

ಕಾರ್ಯದ ಹಿನ್ನೆಲೆ ಇಷ್ಟು. ನಮ್ಮ ಮನೆಯವರು ೨೦೦೫ರ ದೀಪಾವಳಿಗೆ ಡಿಜಿಟಲ್ ಕ್ಯಾಮೆರಾ ಕೊಂಡರು. ಅಲ್ಲಿಂದ ಈಚೆಗೆ ತೆಗೆದದ್ದೆಲ್ಲ ಅರವತ್ತೊಂದು ಸಿ.ಡಿ.ಗಳಲ್ಲಿದೆ. ಸಿ.ಡಿ.ಗಳ ಮೇಲೆ ಒಂದು, ಎರಡು, ಮೂರು ಎಂದು ಬರೆದದ್ದು ಬಿಟ್ಟರೆ ಇನ್ನೇನೂ ಇಲ್ಲ. ಒಳಗಿನ ಫೋಟೊಗಳಿಗೆ ಕ್ಯಾಮೆರಾ ತಾನೇ ಕೊಟ್ಟುಕೊಂಡ ಸಂಖ್ಯೆಗಳು. ಯಾರ ಮದುವೆ ಯಾವ ಸಿ.ಡಿ. ಎಂಬ ಪಟ್ಟಿ ಇದ್ದದ್ದು ಅವರ ತಲೆಯಲ್ಲಿ. ಬಾಣಾವರದ ನಾಮಕರಣ ಎಂದರೆ ಹಲ್ಲುಜ್ಜುತ್ತಲೇ ಹದಿನೇಳು ಎನ್ನುತ್ತಿದ್ದರು. ಮೇ ಆರನೆಯ ತಾರೀಕು, ಭಾನುವಾರ, ಕಣಕಟ್ಟೆಯ ಮದುವೆಯೊಂದರಲ್ಲಿ ಗ್ರೂಪ್ ಫೋಟೊ ತೆಗೆಯಲು ಪ್ಲಾಸ್ಟಿಕ್ ಕುರ್ಚಿ ಹತ್ತಿದರು. ಇಳಿಯಲಿಲ್ಲ, ಕುಸಿದರು. ಹೃದಯ ಎಂದರು ಡಾಕ್ಟರು. ಪಟ್ಟಿಯೂ ಅದರ ಜೊತೆಗೇ ಹೋಯಿತು. ಇವತ್ತಿಗೆ ನಲವತ್ಮೂರು ದಿನ.

ಪೆಟ್ಟಿಗೆ ತುಂಬ ಸಿ.ಡಿ.,
ಯಾವುದು ಯಾರದು, ಹೇಳಿ ನೋಡಿ.

ಪ್ರಾಸಕ್ಕೆ ಕ್ಷಮೆ ಇರಲಿ. ಮದುವೆ ಆಲ್ಬಮ್ಮಿನ ಮೊದಲ ಪುಟಕ್ಕೆ ಎರಡು ಸಾಲು ಕಟ್ಟಿಕೊಡುವುದು ಹತ್ತೊಂಬತ್ತು ವರ್ಷಗಳಿಂದ ಈ ಸ್ಟುಡಿಯೊದಲ್ಲಿ ನನ್ನ ಹುದ್ದೆ.

ಇನ್ನು ಮುಖ್ಯ ವಿಷಯ. ನಮ್ಮ ಅತ್ತೆ ಮಾರಮ್ಮನವರಿಗೆ ಮಗನ ಫೋಟೊ ಬೇಕು. ನಡುಮನೆಯ ಗೋಡೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕ ಮಾವನವರ ಪಟ, ಅದರ ಪಕ್ಕ ಒಂದು ಹೊಸ ಮೊಳೆ. ಮೊಳೆ ಹೊಡೆದವರು ಅತ್ತೆಯೇ. ಅಕ್ಟೋಬರಿನಲ್ಲಿ ಮಹಾಲಯ ಅಮಾವಾಸ್ಯೆ ಬರುತ್ತದೆ. ಅವತ್ತು ಸತ್ತವರ ಪಟದ ಮುಂದೆ ಎಡೆ ಇಡಬೇಕು. ಅಷ್ಟರೊಳಗೆ ಮೊಳೆಯಲ್ಲಿ ಮಗ ಇರಬೇಕು.

ಫೋಟೊ ತೆಗೆಯುವವನ ಮನೆಯಲ್ಲೇ ಫೋಟೊ ಇಲ್ಲವೇ ಎಂದು ಸಭಿಕರು ನಗಬಹುದು. ಇದೆ. ನಮ್ಮ ಮದುವೆಯದು ಇದೆ, ಅದರಲ್ಲಿ ಅವರು ಇಪ್ಪತ್ನಾಲ್ಕು ವರ್ಷದ ಕಡ್ಡಿ, ಫ್ಲಾಷಿಗೆ ಕಣ್ಣು ಬೇರೆ ಮುಚ್ಚಿದ್ದಾರೆ. ಮತದಾರರ ಚೀಟಿಯದು ಇದೆ. ಹನ್ನೊಂದನೆಯ ದಿನ ಅದನ್ನೇ ದೊಡ್ಡದು ಮಾಡಿಸಿ ಇಟ್ಟಿದ್ದೆವು. ಅತ್ತೆ ಸ್ವಲ್ಪ ಹೊತ್ತು ನೋಡಿ, ಇವನ್ಯಾವನೋ ಎಂದು ಗೋಡೆಗೆ ಮುಖ ಮಾಡಿ ತಿರುಗಿಸಿಬಿಟ್ಟರು. ಉಳಿದದ್ದಕ್ಕೆ ಕಾರಣ ನಮ್ಮ ಸ್ಟುಡಿಯೊದ ಕಾಯಿದೆ. ರೀಲಿನ ಕಾಲದಲ್ಲಿ ರೀಲೆಲ್ಲ ಗಿರಾಕಿಗೇ. ಆಮೇಲೆ ಮೆಮೊರಿ ಕಾರ್ಡ್ ಇದ್ದದ್ದು ಒಂದೇ. ಅದು ತುಂಬಿದರೆ ಗಿರಾಕಿಯ ಫೋಟೊ ಮುಟ್ಟುವಂತಿಲ್ಲ, ಮನೆಯದನ್ನು ಅಳಿಸಬೇಕು. ಹೀಗೆ ಒಂದೂವರೆ ವರ್ಷ ನಾವು ಮನೆಯವರೆಲ್ಲ ಊರಿನವರಿಗೆ ಜಾಗ ಬಿಟ್ಟುಕೊಟ್ಟೆವು.

ಆದರೆ ಅತ್ತೆಗೆ ಒಂದು ನೆನಪಿದೆ. ಜನವರಿ ಇಪ್ಪತ್ತೆಂಟರಂದು ಬೇಲೂರಿನ ಮದುವೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ ಹಳೇಬೀಡಿನಲ್ಲಿ ಇಳಿದಿದ್ದೆವು. ಗುಡಿಯ ಜಗಲಿಯ ಮೇಲೆ ತಾಯಿ ಮಗ ಕೂತಿದ್ದರು. ನಾನು ತೆಗೆದೆ. ಆ ಫೋಟೊ ಎಲ್ಲಿ ಎಂದು ಕೇಳಿದರು. ಸಿ.ಡಿ.ಗಳಲ್ಲಿ ಎಲ್ಲೋ ಇರುತ್ತದೆ, ಹುಡುಕುತ್ತೇನೆ ಅತ್ತೆ ಎಂದೆ.

ಆದ್ದರಿಂದ ಈ ಮಹಾಕಾರ್ಯ. ಜೈ.

೨೦ ಜೂನ್, ಬುಧವಾರ

ನಮ್ಮ ಮೈದುನ ಧರ್ಮೇಶ ಬೇಲೂರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಕಂಪ್ಯೂಟರ್ ಕಲಿತವನು. ಅರವತ್ತೊಂದು ಸಿ.ಡಿ.ಗಳನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿ, ಫೋಟೊ ಹುಡುಕುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಾನೆ. ಪ್ರತಿ ಫೋಟೊಗೂ ಟ್ಯಾಗ್ ಹಾಕಬೇಕಂತೆ. ಟ್ಯಾಗ್ ಎಂದರೆ ಫೋಟೊದ ಮೇಲೆ ಕಾಣದ ಹಾಗೆ ಅಂಟಿಸುವ ಚೀಟಿ. ಒಂದಕ್ಕೆ ಎಷ್ಟು ಬೇಕಾದರೂ ಅಂಟಿಸಬಹುದು. ಆಮೇಲೆ ಅದೇ ಮಾತನ್ನು ಟೈಪ್ ಮಾಡಿ ಕೇಳಿದರೆ, ಆ ಚೀಟಿ ಇರುವ ಫೋಟೊಗಳೆಲ್ಲ ಶಾಲೆಯ ಗಂಟೆ ಹೊಡೆದ ಹಾಗೆ ಓಡಿ ಬಂದು ಸಾಲಾಗಿ ನಿಲ್ಲುತ್ತವೆ.

ಇವತ್ತು ನೂರಾ ಹನ್ನೆರಡು ಫೋಟೊ ಮುಗಿಸಿದೆ. ವಧು, ವರ, ವೃದ್ಧೆ, ಶಿಶು, ಭೋಜನ, ಬೀಳ್ಕೊಡುಗೆ. ಬಿ.ಎ. ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು.

ವಧುವಿಗೊಂದು ಚೀಟಿ, ವರನಿಗೊಂದು ಚೀಟಿ,
ಬಾಳೆಲೆಗೂ ಅಂಟಿಸಿದೆ, ನನಗೆ ಯಾರು ಸಾಟಿ?

ಒಟ್ಟು ಹನ್ನೊಂದೂವರೆ ಸಾವಿರ ಇವೆ.

೨೪ ಜೂನ್, ಭಾನುವಾರ

ಧರ್ಮೇಶ ಬಂದಿದ್ದ. ನಾನು ಇನ್ನೂ ಎರಡನೆಯ ಸಿ.ಡಿ.ಯಲ್ಲಿ ಇರುವುದನ್ನು ನೋಡಿ ಅವನಿಗೆ ಆಶ್ಚರ್ಯ.

"ಅತ್ಗೆ, ಅವ್ವಂಗೆ ಬೇಕಾಗಿರೋದು ಜನವರಿದು. ಅದನ್ನೇ ಮೊದ್ಲು ತೆಗೆದು ನೋಡ್ಬಿಡಿ. ಉಳಿದದ್ದು ಆಮೇಲೆ ನಿಧಾನಕ್ಕೆ ಮಾಡ್ಕೋಬಹುದು."

ಒಂದು ಕೆಲಸ ಎಂದ ಮೇಲೆ ಅದಕ್ಕೊಂದು ಕ್ರಮ ಬೇಕು, ಒಂದು ಆದ ಮೇಲೆ ಎರಡು, ಎರಡು ಆದ ಮೇಲೆ ಮೂರು ಎಂದೆ. ನಡುವೆ ಕೈ ಹಾಕಿದರೆ ಎಲ್ಲ ಕಲಸಿಹೋಗುತ್ತದೆ ಎಂದೂ ಹೇಳಿದೆ. ಸರ್ಕಾರಿ ನೌಕರನಾದ್ದರಿಂದ ಕ್ರಮ ಎಂಬ ಮಾತಿಗೆ ಅವನು ಎದುರಾಡಲಿಲ್ಲ. ಕಾಫಿ ಕುಡಿದು ಹೋದ.

೨ ಜುಲೈ, ಸೋಮವಾರ

ಪೇಟೆ ಬೀದಿಯ ಲಕ್ಕಮ್ಮ ಬಂದಿದ್ದರು. ಹೂ ಕಟ್ಟಿ ಮಾರುವವರು. ಅವರ ಅತ್ತೆ ಮೊನ್ನೆ ತೀರಿಕೊಂಡರಂತೆ, ಹನ್ನೊಂದನೆಯ ದಿನಕ್ಕೆ ಫೋಟೊ ಬೇಕಂತೆ. ಹೋದ ವರ್ಷ ಯಾರದೋ ಮದುವೆಯಲ್ಲಿ ಮುದುಕಿಯ ಫೋಟೊ ನಮ್ಮವರು ತೆಗೆದಿದ್ದರೆಂದು ನೆನಪು.

ನಾನು ಗತ್ತಿನಿಂದ 'ವೃದ್ಧೆ' ಎಂದು ಟೈಪ್ ಮಾಡಿದೆ. ಮುಗಿದದ್ದು ಒಂಬತ್ತು ಸಿ.ಡಿ. ಅಷ್ಟರಲ್ಲೇ ಇನ್ನೂರ ಹನ್ನೆರಡು ವೃದ್ಧೆಯರು ಬಂದು ನಿಂತರು. ಎಲ್ಲರೂ ಕ್ಯಾಮೆರಾವನ್ನು ಒಂದೇ ಅನುಮಾನದಿಂದ ನೋಡುತ್ತಿದ್ದಾರೆ. ಲಕ್ಕಮ್ಮ ಮುಖ ಹತ್ತಿರ ತಂದು ಒಬ್ಬೊಬ್ಬರನ್ನೇ ನೋಡುತ್ತ ಕೂತರು. ನಲವತ್ತು ದಾಟುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಬಂತು. ದುಃಖದಿಂದಲೋ ಪರದೆಯ ಬೆಳಕಿನಿಂದಲೋ ತಿಳಿಯಲಿಲ್ಲ.

ನಿಮ್ಮತ್ತೇನ ಬೇರೆಯವರು ಹೇಗೆ ಗುರುತು ಹೇಳುತ್ತಾರೆ ಎಂದು ಕೇಳಿದೆ.

"ಬುಗುಡಿ ಕೆಂಚಯ್ಯನ ಅವ್ವ ಅಂತಾರೆ. ಕಿವೀಲಿ ಬುಗುಡಿ ಹಾಕ್ಕಂಡಿರೋಳು ನಮ್ ಬೀದೀಲಿ ಅವ್ಳೊಬ್ಳೇಯ. ಊಟದ ಪಂಕ್ತೀಲಿ ಎಲ್ಲಾರ್ಗಿಂತ ಮುಂದೆ ಕೂತಿರ್ತಾಳೆ, ಅಲ್ಲಿ ನೋಡವ್ವ."

ಊಟದ ಪಂಕ್ತಿಯ ಫೋಟೊಗಳಲ್ಲಿ ಸಿಕ್ಕರು. ಪಾಯಸದ ಲೋಟ ಎತ್ತಿದ್ದಾರೆ, ಕಿವಿಯಲ್ಲಿ ಬುಗುಡಿ ಹೊಳೆಯುತ್ತಿದೆ. ಲೋಟ ತೆಗೆದು, ಹಿಂದೆ ನೀಲಿ ಬಣ್ಣ ಕೊಟ್ಟು, ದೊಡ್ಡದು ಮಾಡಿದೆ. ಇದನ್ನು ಅವರು ಮಾಡುವಾಗ ನೋಡಿ ನೋಡಿ ಕಲಿತದ್ದು. ಲಕ್ಕಮ್ಮ ಹೋಗುವಾಗ ಒಂದು ಮೊಳ ಕನಕಾಂಬರ ಮೇಜಿನ ಮೇಲಿಟ್ಟರು, ಆಮೇಲೆ ನೆನಪಾಗಿ ವಾಪಸ್ ತೆಗೆದುಕೊಂಡರು.

ಸಂಜೆಯವರೆಗೆ ಕೂತು ಹಳೆಯ ಚೀಟಿಗಳನ್ನೆಲ್ಲ ಕಿತ್ತೆ. ಫೋಟೊಗೆ ನಾನು ಕೊಡುವ ಹೆಸರು ಯಾರಿಗೂ ಬೇಡ. ಹುಡುಕಿಕೊಂಡು ಬಂದವರು ಯಾವ ಮಾತಿನಲ್ಲಿ ಕೇಳುತ್ತಾರೋ ಆ ಮಾತೇ ಚೀಟಿ. ಬುಗುಡಿ. ಕೆಂಚಯ್ಯನ ಅವ್ವ. ಮುಂದೆ ಕೂತವಳು. ಎಡಗೈಯಲ್ಲಿ ಬಡಿಸುವವನು. ಅತ್ತು ಮೂಗು ಕೆಂಪಾದ ನಾದಿನಿ. ಮತ್ತೆ ಒಂದನೆಯ ಸಿ.ಡಿ.ಯಿಂದ.

೧೪ ಜುಲೈ, ಶನಿವಾರ

ಹದಿನೆಂಟನೆಯ ಸಿ.ಡಿ. ಜಾವಗಲ್ಲಿನ ಒಂದು ಮದುವೆ. ಅಂಗಳದಲ್ಲಿ ಮದುಮಗಳಿಗೆ ಅರಿಸಿನ ಹಚ್ಚುತ್ತಿದ್ದಾರೆ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಿದೆ. ಹಸೆಯ ಮೇಲೆ ಒಂದು ನೆರಳು. ಕ್ಯಾಮೆರಾ ಎತ್ತಿದ ಎರಡೂ ಮೊಣಕೈ ಹೊರಗೆ ಚಾಚಿವೆ, ತಲೆ ವಾಲಿದೆ.

ಚೀಟಿ ಅಂಟಿಸಬೇಕಲ್ಲ. ಬೆರಳು ನಿಂತಿತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಾನು ಆ ಹೆಸರು ಹೇಳಿದವಳಲ್ಲ. ಮದುವೆಯ ದಿನ ಒಗಟಿನಲ್ಲಿ ಸೇರಿಸಿ ಹೇಳಿಸಿದ್ದರು, ಅದೇ ಮೊದಲು, ಅದೇ ಕೊನೆ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡ್ ಮುಂದಕ್ಕೆ ತಳ್ಳುತ್ತಿದ್ದೆ. 'ಇವರು' ಎಂದು ಟೈಪ್ ಮಾಡಿದೆ.

ಹುಡುಕಿ ನೋಡಿದೆ. ಇವರು: ಒಂದು.

೧೫ ಜುಲೈ, ಭಾನುವಾರ

ವಿಶೇಷವಿಲ್ಲ. ಸಾರು ಸೀದುಹೋಯಿತು.

೩ ಆಗಸ್ಟ್, ಶುಕ್ರವಾರ

ಕಣಕಟ್ಟೆಯ ತಮ್ಮಯ್ಯನವರು ಬಂದಿದ್ದರು, ಮೇ ಆರರ ಮದುವೆಯ ಹೆಣ್ಣಿನ ತಂದೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ತುಂಬ ಹೊತ್ತು ನಿಂತಿದ್ದರು. ಮೂರು ತಿಂಗಳಿಂದ ಕೇಳಲು ನಾಚಿಕೆಯಾಗಿ ಬಂದಿರಲಿಲ್ಲವಂತೆ. ಈಗ ಬೀಗರು ಆಲ್ಬಮ್ ಎಲ್ಲಿ ಎಂದು ಕೇಳುತ್ತಿದ್ದಾರಂತೆ. ಹೇಳುವಾಗ ನೆಲ ನೋಡುತ್ತಿದ್ದರು.

ಅದು ಅರವತ್ತೊಂದನೆಯ ಸಿ.ಡಿ. ಕಾರ್ಡಿನಿಂದ ಅದಕ್ಕೆ ಇಳಿಸಿದವಳು ನಾನೇ, ಹದಿನೈದನೆಯ ದಿನ. ಇಳಿಸಿದ್ದೆ, ನೋಡಿರಲಿಲ್ಲ. ಇವತ್ತು ಅವರ ಜೊತೆ ಕೂತು ನೋಡಿದೆ. ೧೫೮೭: ನಲವತ್ತೊಂದು ಜನ, ಮೂರು ಸಾಲು, ಎಲ್ಲರೂ ಸ್ವಲ್ಪ ಮೇಲೆ ನೋಡುತ್ತ ನಗುತ್ತಿದ್ದಾರೆ. ೧೫೮೮: ಅದೇ ಜನ, ಬಾಯಿ ತೆರೆದಿದೆ, ತಮ್ಮಯ್ಯನವರ ಕೈ ಮುಂದಕ್ಕೆ ಚಾಚಿದೆ. ೧೫೮೯: ಶಾಮಿಯಾನದ ಬಟ್ಟೆ. ಕೆಂಪು ಮತ್ತು ಹಳದಿ.

ತಮ್ಮಯ್ಯನವರು ಟವೆಲಿನಿಂದ ಮುಖ ಒರೆಸಿಕೊಂಡರು. "ಕಡೇವೆರಡು ಅಳ್ಸಾಕ್ಬಿಡವ್ವ. ಯಾಕೆ ಅವು?"

ಗಿರಾಕಿಯ ಫೋಟೊ ಅಳಿಸುವ ಪದ್ಧತಿ ನಮ್ಮಲ್ಲಿಲ್ಲ, ಬೇಡವೆಂದರೆ ಆಲ್ಬಮ್ಮಿಗೆ ಹಾಕುವುದಿಲ್ಲ ಎಂದೆ. ಮದುಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳಿದೆ. ಚೆನ್ನಾಗಿದ್ದಾರಂತೆ. ನಿಮ್ಮೆಜಮಾನ್ರು ಬೀಳೋಕೆ ಮುಂಚೆ ನಮ್ಮನ್ನೆಲ್ಲ ನಗ್ಸಿದ್ರು ಕಣವ್ವ ಎಂದರು. ಏನು ಹೇಳಿ ನಗಿಸಿದರು ಎಂದು ಕೇಳಿದೆ. ಅವರಿಗೆ ಅದು ಮರೆತುಹೋಗಿತ್ತು.

ಆಲ್ಬಮ್ಮಿಗೆ ಎರಡು ಸಾಲು ಬರೆಯಬೇಕು. ಬರಲಿಲ್ಲ. ಒಂದು ಸಾಲು ಬಂತು.

೨೧ ಆಗಸ್ಟ್, ಮಂಗಳವಾರ

ಮಧ್ಯಾಹ್ನ ಬುತ್ತಿ ತಂದ ಅತ್ತೆ ಹಿಂದಕ್ಕೆ ಹೋಗದೆ ಪಕ್ಕದ ಸ್ಟೂಲಿನ ಮೇಲೆ ಕೂತರು. ಎಷ್ಟಾಯ್ತು ಎಂದು ಕೇಳಿದರು. ಮೂವತ್ತೈದು ಸಿ.ಡಿ. ಎಂದೆ. ತಮ್ಮಯ್ಯನವರ ವಿಷಯ ಧರ್ಮೇಶ ಹೇಳಿದ್ದನೆಂದು ಕಾಣುತ್ತದೆ.

"ಕಣಕಟ್ಟೆಯೋರು ಬಂದಾಗ ಕಡೇದನ್ನ ಮೊದ್ಲೇ ತೆಗ್ದು ಕೊಟ್ಯಂತೆ. ನಮ್ದು ಮಾತ್ರ ಸಾಲಲ್ಲೇ ಬರ್ಬೇಕಾ?"

ಅವರು ಗಿರಾಕಿಗಳು ಅತ್ತೆ ಎಂದೆ. ಅವರಿಗೆ ಮಗನ ಬಾಯಲ್ಲೂ ಇದೇ ಮಾತನ್ನು ಕೇಳಿ ಅಭ್ಯಾಸ.

ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದು 'ಇವರು' ಎಂದು ಹುಡುಕಿ ತೋರಿಸಿದೆ. ಈಗ ಇಪ್ಪತ್ಮೂರು ಇವೆ. ಏಳು ನೆರಳು. ಮದುಮಗಳನ್ನು ಸಿಂಗರಿಸುವ ಕೋಣೆಯ ಕನ್ನಡಿಯ ಅಂಚಿನಲ್ಲಿ ಮೊಣಕೈ, ಎರಡು ಸಲ. ಅನ್ನದ ಸ್ಟೀಲ್ ಡಬರಿಯ ಹೊಟ್ಟೆಯಲ್ಲಿ ಕಡಲೆಕಾಳಿನಷ್ಟು ಮುಖ, ಕ್ಯಾಮೆರಾ ಅದನ್ನೂ ಮುಚ್ಚಿದೆ. ಯಾರದೋ ಗಲ್ಲ ಎತ್ತಿ ಸರಿಪಡಿಸುತ್ತಿರುವ ಎರಡು ಬೆರಳು.

ಅತ್ತೆ ಕನ್ನಡಕ ಹಾಕಿಕೊಂಡು ಮೊಣಕೈಯನ್ನು ಗುರುತು ಹಿಡಿದರು. ತೆಂಗಿನ ಮರದಿಂದ ಜಾರಿದಾಗ ಆದ ಗಾಯವಂತೆ, ಐದನೆಯ ಕ್ಲಾಸಿನಲ್ಲಿ. ಪರದೆಯನ್ನು ಬೆರಳಿನಿಂದ ಒಂದು ಸಲ ಸವರಿ ನೋಡಿದರು.

"ಇವೆಲ್ಲಾನೂ ಒಂದ್ಕಡೆ ಸೇರ್ಸಿ, ಹೊಲ್ದು, ನನ್ ಮಗನ್ನ ಮಾಡ್ಕೊಡಾಕೆ ಬರಾಕಿಲ್ವಾ ನಿನ್ ಮಿಸೀನ್ಗೆ?"

ಬರುವುದಿಲ್ಲ ಎಂದೆ.

ಆಮೇಲೆ ಹಳೇಬೀಡಿನ ಮಾತು ತೆಗೆದರು. ಅರವತ್ತು ವರ್ಷ ಇದೇ ಸೀಮೆಯಲ್ಲಿ ಬಾಳಿದರೂ ಆ ಗುಡಿ ನೋಡಿದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಅವರಪ್ಪನ ಜೊತೆ ಕಟ್ಟಿಗೆ ಗಾಡಿಯಲ್ಲಿ ಅದರ ಮುಂದೆ ಹಾದುಹೋಗಿದ್ದರಂತೆ, ಗಾಡಿ ನಿಲ್ಲಿಸಿರಲಿಲ್ಲವಂತೆ.

"ಆ ಕಲ್ಲಿನ ಮ್ಯಾಲೆ ಕೂರಾಕೆ ನಂಗೆ ವಸಿ ಹೆದ್ರಿಕೆ ಆಯ್ತು. ಭೀಮ, 'ಕೂತ್ಕಳವ್ವ, ಯಾರೂ ಎಬ್ಬಿಸಾಕಿಲ್ಲ' ಅಂದ. ಕೂತೆ. ತಣ್ಣಗಿತ್ತು ಕಲ್ಲು. ಅದು ಆ ಫೋಟೊದಾಗೆ ಐತೆ ಕಣವ್ವ. ನಾನು ಕೂತಿರೋದೂ ಐತೆ, ಅವ್ನು ಇರೋದೂ ಐತೆ."

ಇದೆ ಅತ್ತೆ, ಸಿಗುತ್ತದೆ ಎಂದೆ. ಮುದ್ದೆ ಆರಿಹೋಗಿತ್ತು. ತಿಂದೆ.

೨೭ ಸೆಪ್ಟೆಂಬರ್, ಗುರುವಾರ

ಬಹಳ ದಿನ ಬರೆಯಲಿಲ್ಲ. ಸಭಿಕರು ಎದ್ದು ಹೋಗಿಲ್ಲವೆಂದು ಭಾವಿಸುತ್ತೇನೆ.

ಪಿತೃಪಕ್ಷ ಇವತ್ತು ಶುರು. ಸ್ಟುಡಿಯೊದವರಿಗೆ ಇದು ಸುಗ್ಗಿ. ಎಡೆ ಇಡಲು ಫೋಟೊ ಬೇಕು, ಫೋಟೊ ಬೇಕೆಂದರೆ ಸತ್ತವರು ಯಾವುದಾದರೂ ಮದುವೆಗೆ ಹೋಗಿರಬೇಕು, ಹೋಗಿದ್ದರೆ ನನ್ನ ಚೀಟಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಬೆಳಗಿನಿಂದ ಹನ್ನೊಂದು ಜನ ಬಂದರು. ದೇವೀರಪ್ಪನವರ ತಮ್ಮ, ಹಸಿರು ಮಫ್ಲರಿನವನು ಎಂದರು. ಮೂರು ನಿಮಿಷದಲ್ಲಿ ತೆಗೆದೆ. ಇನ್ನೊಬ್ಬರ ಹೆಂಡತಿ, ಯಾವ ಫೋಟೊದಲ್ಲೂ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದವರು. 'ಸೆರಗು ಬಾಯಿ' ಎಂದು ಕೇಳಿದರೆ ಹದಿನಾಲ್ಕು ಬಂದವು. ಒಂದರಲ್ಲಿ ಸೆರಗು ಜಾರಿತ್ತು. ಗಂಡ ಅದನ್ನು ನೋಡಿ, ಹಲ್ಲು ಇಷ್ಟು ಚೆನ್ನಾಗಿತ್ತಾ ಎಂದು ನನ್ನನ್ನೇ ಕೇಳಿದರು. ಬಾಣಾವರದಿಂದಲೂ ಬರುತ್ತಿದ್ದಾರೆ. ಹುಡುಕೋ ಅಮ್ಮನ ಅಂಗಡಿ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಆಟೊದವರು ದಾರಿ ತೋರಿಸುತ್ತಾರಂತೆ.

ಪಾಸ್‌ಪೋರ್ಟ್ ಫೋಟೊ ಒಂದನ್ನು ತೆಗೆಯುವಾಗ ಧರ್ಮೇಶ ಬಾಗಿಲಲ್ಲಿ ನಿಂತಿದ್ದ. ಆಮೇಲೆ, "ಗಲ್ಲ ವಸಿ ಇಳಿಸಿ, ಉಸಿರು ಬಿಡಿ, ಸಾಲ ಕೇಳೋಕೆ ಬಂದಿಲ್ಲ ನಾನು ಅಂತ ಅಣ್ಣ ಹೇಳ್ತಿದ್ದ ಹಂಗೇ ಹೇಳ್ತೀರಿ ಅತ್ಗೆ" ಎಂದ. ಬೇರೆ ಹೇಗೆ ಹೇಳುವುದು, ಗಲ್ಲ ಇಳಿಯಬೇಕಲ್ಲ ಎಂದೆ.

ಹೋದ ವಾರ ನಾಮಕರಣವೊಂದಕ್ಕೆ ಹೋಗಿದ್ದೆ. ಗ್ರೂಪ್ ಫೋಟೊಗೆ ಕುರ್ಚಿ ಹತ್ತಬೇಕಾಯಿತು. ಪ್ಲಾಸ್ಟಿಕ್ಕಿನದು. ಏನೂ ಆಗಲಿಲ್ಲ, ಇಳಿದೆ.

ಪ್ರಾಸ ಕಟ್ಟದೆ ಎಷ್ಟು ದಿನವಾಯಿತೋ.

೩೦ ಸೆಪ್ಟೆಂಬರ್, ಭಾನುವಾರ

ಐವತ್ನಾಲ್ಕನೆಯ ಸಿ.ಡಿ. ಜನವರಿ ಇಪ್ಪತ್ತೆಂಟು. ಬೇಲೂರಿನ ಮದುವೆ.

ಒಟ್ಟು ನೂರ ತೊಂಬತ್ತು. ಎಲ್ಲಕ್ಕೂ ಚೀಟಿ ಹಾಕಿದೆ. ಯಗಚಿ ಸೇತುವೆಯ ಮೇಲೆ ದಿಬ್ಬಣದ ಬಸ್ಸು. ಟೋಪಿ ಬೀಳಿಸಿಕೊಂಡ ವರ. ಛತ್ರದ ಕಂಬಕ್ಕೆ ಒರಗಿ ನಿದ್ದೆ ಹೋದ ವಾಲಗದವರು. ಊಟದ ಪಂಕ್ತಿಯ ಒಂದು ಮೂಲೆಯಲ್ಲಿ ಅತ್ತೆ, ಹಪ್ಪಳ ಮುರಿಯುತ್ತಿದ್ದಾರೆ. ಕೊನೆಯದು ೦೪೦೨: ಮದುಮಗಳ ಸೋದರತ್ತೆ, ಒಬ್ಬರೇ. ಚೀಟಿ: ಬೇಲೂರು, ಸೋದರತ್ತೆ, ಕಣ್ಣು ಮುಚ್ಚಿದೆ.

ಧರ್ಮೇಶ ಪಕ್ಕದಲ್ಲೇ ಕೂತಿದ್ದ. ಹಳೇಬೀಡಿನದು ಇಲ್ಲ ಎಂಬುದನ್ನು ಅವನೂ ನೋಡಿದ. ಕಚೇರಿಯಲ್ಲಿ ಕಡತ ನೋಡುವವನ ಕಣ್ಣು, ಸಂಖ್ಯೆಗೆ ಹೋಯಿತು. ಹಿಂದಿನ ಸಿ.ಡಿ. ೦೨೧೧ಕ್ಕೆ ಮುಗಿದಿದೆ, ಇದು ೦೨೧೩ಕ್ಕೆ ಶುರುವಾಗಿದೆ.

"ಒಂದು ನಂಬರ್ ಇಲ್ವಲ್ಲ ಅತ್ಗೆ."

ಕ್ಯಾಮೆರಾ ಒಮ್ಮೊಮ್ಮೆ ಎಣಿಸುವುದನ್ನು ತಪ್ಪುತ್ತದೆ ಎಂದೆ. ಹತ್ತು ಸಾವಿರ ಫೋಟೊಗಳಲ್ಲಿ ನಂಬರ್ ಹಾರಿದ ಕಡೆಗಳು ಬೇರೆಯೂ ಇವೆ, ಕ್ಯಾಮೆರಾ ತಾನಾಗಿ ತಪ್ಪಿದ್ದು ಒಂದೂ ಇಲ್ಲ. ಬೇರೆ ಸಿ.ಡಿ.ಯಲ್ಲಿ ಸೇರಿಕೊಂಡಿರಬಹುದು, ಇನ್ನೂ ಏಳು ಇವೆ ಎಂದೆ. ಅವನು ತಲೆಯಾಡಿಸಿದ. ಅವ್ವಂಗೆ ಈಗಲೇ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತದೆ ಎಂದ. ಹೇಳುವುದಿಲ್ಲ ಎಂದೆ.

೯ ಅಕ್ಟೋಬರ್, ಮಂಗಳವಾರ

ಹನ್ನೊಂದೂವರೆ ಸಾವಿರವೂ ಮುಗಿಯಿತು. ಅರವತ್ತೊಂದನೆಯದರಲ್ಲಿ ಕೊನೆಯ ಮೂರು ಮಾತ್ರ ಉಳಿಸಿಕೊಂಡಿದ್ದೆ. ೧೫೮೯ಕ್ಕೆ 'ಶಾಮಿಯಾನ' ಎಂದು ಹಾಕಿದೆ. ಉಳಿದ ಎರಡಕ್ಕೆ ಇನ್ನೂ ಏನೂ ಹಾಕಿಲ್ಲ.

ಅತ್ತೆ ಸಂಜೆ ಬಂದರು. ನಾಳಿದ್ದು ಅಮಾವಾಸ್ಯೆ. ಹಳೇಬೀಡಿನದು ಇನ್ನೂ ಸಿಕ್ಕಿಲ್ಲ ಎಂದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಇರೋದ್ರಲ್ಲೇ ಒಂದು ತೋರಿಸು ಎಂದರು. ಮೊಣಕೈ ಬೇಡವೆಂದರು, ನೆರಳಿಗೆ ಹೂ ಹಾಕಬಾರದೆಂದರು. ಕೆಳಗಿಳಿಸುತ್ತ ಹೋದೆ. ೧೫೮೭ರಲ್ಲಿ ಅವರ ಕೈ ನನ್ನ ಕೈಯನ್ನು ಹಿಡಿಯಿತು.

"ತಡಿ. ಇವ್ರೆಲ್ಲಾ ಯಾರ್ನ ನೋಡಿ ಹಿಂಗೆ ನಗ್ತಾವ್ರೆ?"

"ನಿಮ್ಮ ಮಗನ್ನ ಅತ್ತೆ."

ಅವರು ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಲವತ್ತೊಂದು ಜನರನ್ನೂ ಸಾಲು ಹಿಡಿದು ನೋಡಿದರು. ಒಂದು ಮಗುವಿನ ಮೇಲೆ ತುಂಬ ಹೊತ್ತು ನಿಂತರು, ಬಾಯಲ್ಲಿ ಬೆರಳಿಟ್ಟುಕೊಂಡು ಮೇಲೆ ನೋಡುತ್ತಿರುವ ಮಗು.

"ಕುರ್ಚಿ ಮ್ಯಾಲಿದ್ದ, ಅಲ್ವಾ?"

"ಹೌದು."

"ಇನ್ನೂ ಬಿದ್ದಿಲ್ಲ."

"ಇಲ್ಲ."

"ಇದ್ನೇ ಹಾಕ್ಕೊಡು."

ದೊಡ್ಡದು ಮಾಡಿ ಕಟ್ಟು ಹಾಕಿಸಲು ಕೊಟ್ಟು ಬಂದೆ. ಬಂದ ಮೇಲೆ ಆ ಎರಡಕ್ಕೂ ಚೀಟಿ ಹಾಕಿ ಮುಗಿಸಿದೆ. ೧೫೮೭: ಕಣಕಟ್ಟೆ, ತಮ್ಮಯ್ಯನವರ ಮಗಳ ಮದುವೆ, ಬೆರಳು ಬಾಯಿ ಮಗು, ಭೀಮರಾಜ್. ೧೫೮೮: ಅದೇ.

೧೧ ಅಕ್ಟೋಬರ್, ಗುರುವಾರ, ಅಮಾವಾಸ್ಯೆ

ಬೆಳಿಗ್ಗೆ ಮೊಳೆಗೆ ಪಟ ತಗುಲಿಸಿದೆವು. ಆಗ ಒಂದು ತೊಡಕು ಎದುರಾಯಿತು. ಪಟದಲ್ಲಿರುವ ನಲವತ್ತೊಂದು ಜನರೂ ಬದುಕಿದ್ದಾರೆ. ಬದುಕಿರುವವರ ಫೋಟೊಗೆ ಹೂವಿನ ಹಾರ ಹಾಕಿದರೆ ಕಣಕಟ್ಟೆಯವರು ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಲಕ್ಕಮ್ಮ ಕೊಟ್ಟಿದ್ದ ಹಾರ ಹಿಡಿದುಕೊಂಡು ಮೂವರೂ ನಿಂತೆವು. ಧರ್ಮೇಶ ಪಕ್ಕದ ಪಟಗಳಲ್ಲಿ ಒಂದಕ್ಕೆ ಹಾಕಿಬಿಡೋಣ ಎಂದ. ಅತ್ತೆ ಅವನನ್ನು ಒಂದು ಸಲ ನೋಡಿ, ಸ್ಟೂಲ್ ತರಿಸಿ, ತಾವೇ ಹತ್ತಿ, ಹಾರವನ್ನು ಪಟಕ್ಕೆ ತಾಗದ ಹಾಗೆ ಮೊಳೆಗೆ ಸುತ್ತಿದರು.

ಎಡೆಗೆ ಬಾಡಿನ ಸಾರು, ಮುದ್ದೆ, ವಡೆ, ಒಂದು ಲೋಟ ಸಕ್ಕರೆ ಕಡಿಮೆಯ ಕಾಫಿ. ಇದೆಲ್ಲ ಮೂಢನಂಬಿಕೆ ಎಂದು ಧರ್ಮೇಶ ವಿವರಿಸಿದ. ಎಡೆ ಎತ್ತಿದ ಮೇಲೆ ಅದೇ ಎಲೆಯಲ್ಲಿ ಎರಡು ಸಲ ಹಾಕಿಸಿಕೊಂಡ.

ಊಟವಾದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತು ಪಟ ನೋಡುತ್ತಿದ್ದರು. ನಾನು ಪಾತ್ರೆ ತೊಳೆದು ಬಂದೆ.

"ಚಂದಾಗೈತೆ ಕಣವ್ವ," ಎಂದರು. "ಸದ್ಯಕ್ಕೆ ಇದು ಇರ್ಲಿ. ಹಳೇಬೀಡಿಂದು ಸಿಕ್ದಾಗ ಬದ್ಲಾಯ್ಸಣ. ಊರೋರ್ದೆಲ್ಲಾ ಹುಡ್ಕಿಕೊಟ್ಟಿದ್ದೀಯ, ನಮ್ದು ನಿನ್ ಕೈಗೆ ಸಿಗ್ದೆ ಎಲ್ಲೋಯ್ತದೆ?"

ನಾನು ಹೂಂ ಎಂದೆ. ಅಂಗಡಿಗೆ ಬಂದು ಕೂತಿದ್ದೇನೆ. ಬಾಗಿಲು ಅರ್ಧ ಎಳೆದಿದ್ದೇನೆ.

ಸನ್ಮಾನ್ಯ ಅಧ್ಯಕ್ಷರೇ, ಗಣ್ಯರೇ, ವಂದನಾರ್ಪಣೆ ಬಾಕಿ ಇದೆ.

ಅಧ್ಯಕ್ಷರಿಲ್ಲ. ಸಭೆ ಇಲ್ಲ. ೦೨೧೨ ಯಾವ ಸಿ.ಡಿ.ಯಲ್ಲೂ ಇಲ್ಲ. ಜೂನ್ ಹದಿನೆಂಟರಂದೂ ಇರಲಿಲ್ಲ, ಅವತ್ತೂ ನನಗೆ ಗೊತ್ತಿತ್ತು. ಬೇಲೂರಿನ ಛತ್ರದಲ್ಲಿ ಕಾರ್ಡ್ ತುಂಬಿತ್ತು. ಸೋದರತ್ತೆ ತನ್ನದೊಂದು ಒಂಟಿ ಫೋಟೊ ಬೇಕೆಂದು ಸೀರೆ ಸರಿಮಾಡಿಕೊಂಡು ನಿಂತಿದ್ದಳು. ಭೀಮರಾಜ್ ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಒಂದಕ್ಕೆ ಜಾಗ ಮಾಡು ಎಂದರು. ಯಾವುದನ್ನು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಫೋಟೊ ನೋಡಿದೆ. ಚೆನ್ನಾಗಿ ಬಂದಿತ್ತು. ಅತ್ತೆ ಕಲ್ಲಿನ ಮೇಲೆ ಅಂಗೈ ಊರಿ ಕೂತಿದ್ದರು, ಭೀಮರಾಜ್ ನಗುತ್ತಿದ್ದರು, ಇಬ್ಬರ ಕಣ್ಣೂ ತೆರೆದಿದ್ದವು. ಗುಂಡಿ ಒತ್ತಿದೆ. ಆ ಜಾಗದಲ್ಲಿ ಈಗ ಸೋದರತ್ತೆ ಇದ್ದಾಳೆ, ಕಣ್ಣು ಮುಚ್ಚಿಕೊಂಡು.